ಕಾವಡಿ ನಿಲ್ಲಿಸುವ ಮದ್ದು

ಮದ್ದನ್ನು ಕೆಡಿಸಿದವಳು ನಾನು, ರಂಗಿ. ನಿನ್ನ ಕಣ್ಣು ತಪ್ಪು ನೋಡಿರಲಿಲ್ಲ. ಇದೊಂದು ಮಾತನ್ನು ಇಷ್ಟು ವರ್ಷ ನುಂಗಿಕೊಂಡೇ ಬದುಕಿದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪೊಂಗಲ್ ಕಳೆದ ಆ ತೈ ತಿಂಗಳ ಬೆಳಿಗ್ಗೆ ತೇವಾರ ಊರಿನ ನಮ್ಮ ಹಿತ್ತಿಲಲ್ಲಿ ಕೂತು ಸಾಂಬಾರಿಗೆ ಚಿಕ್ಕ ಈರುಳ್ಳಿ ಸುಲಿಯುತ್ತಿದ್ದೆ. ಎದುರುಮನೆಯ ಫೋನಿಗೆ ಸುದ್ದಿ ಬಂತು. ಹರಕೆಯ ಕಾವಡಿ ಹೊತ್ತು ಪಳನಿಯ ಮುರುಗನಲ್ಲಿಗೆ ನಡೆದು ಹೊರಟಿದ್ದ ನಿನ್ನ ಅಣ್ಣ ದಾರಿಯ ಬತ್ತಲಗುಂಡಿನಲ್ಲಿ ಕೂತುಬಿಟ್ಟಿದ್ದಾರೆ, ಕಾಲು ಮರಗಟ್ಟಿದೆ, ಏಳಲಾಗುತ್ತಿಲ್ಲ ಎಂದು. ನಮ್ಮ ಮಗಳ ಜ್ವರ ಇಳಿದದ್ದಕ್ಕೆ ತೀರಿಸಬೇಕಾದ ಹರಕೆ. ಕಾವಡಿ ನಡುದಾರಿಯಲ್ಲಿ ನಿಂತರೆ ಮಗುವಿಗೆ — ಆ ಮಾತನ್ನು ನಮ್ಮಲ್ಲಿ ಯಾರೂ ಪೂರ್ತಿ ಮಾಡುವುದಿಲ್ಲ.

ಆಗ ನೆನಪಾದದ್ದು ನೀನು ಪೊಂಗಲ್ ಹಬ್ಬಕ್ಕೆ ಬಂದಾಗ ಆಡಿದ ಮಾತು. ದಿಂಡಿಗಲ್ಲಿನ ಕಾಲೇಜಿನಲ್ಲಿ ನಿನ್ನ ಸಂಶೋಧನೆ. ಅಲ್ಲಿನ ಫ್ರಿಜ್ಜು ಕೆಟ್ಟಿತೆಂದು ಥರ್ಮಾಸಿನಲ್ಲಿ ಐಸು ತುಂಬಿ, ಬೆರಳುದ್ದದ ಕೊಳವೆಗಳ ಆ ಡಬ್ಬಿಯನ್ನು ನೀನು ನಮ್ಮ ಮನೆಯ ಫ್ರಿಜ್ಜಿಗೇ ತಂದಿಟ್ಟಿದ್ದೆ. ನಿನ್ನ ಗೈಡ್ ಹೊರದೇಶದ ಗೆಳೆಯರೊಬ್ಬರನ್ನು ಬೇಡಿ ತರಿಸಿದ್ದ ಮದ್ದು — ಇನ್ನೊಮ್ಮೆ ಸಿಗುವುದಲ್ಲ.

“ಅಣ್ಣಿ, ಐಸ್ ತಟ್ಟೆ ಪಕ್ಕದಲ್ಲೇ ಇರ್ಲಿ. ಆಚೆ ತೆಗೀಬ್ಯಾಡ, ಕೆಟ್ಟೋಯ್ತದೆ” ಅಂದೆ. ಅತ್ತಿಗೆಯನ್ನು ತಮಿಳರಂತೆ ಅಣ್ಣಿ ಅನ್ನುವುದೇ ನಿನಗೆ ರೂಢಿ.

ಏನಿದು ಎಂದು ಕೇಳಿದ್ದಕ್ಕೆ ನೀನು ನನ್ನ ಮೊರದಿಂದ ಒಂದು ಈರುಳ್ಳಿ ಎತ್ತಿಕೊಂಡು ನಕ್ಕೆ. “ನಿನ್ನ ವೆಂಗಾಯದೊಳಗೂ ಪಳನಿಗೆ ನಡೆಯೋರು ಅವ್ರೆ, ಅಣ್ಣಿ! ಕಣ್ಣಿಗೆ ಕಾಣದಷ್ಟು ಸಣ್ಣೋರು. ನೂಲಿನಂಥ ದಾರಿ ಮೇಲೆ ಕಾವಡಿ ಹೊತ್ಕೊಂಡು ಓಡಾಡ್ತಾರೆ. ಈ ಮದ್ದು ಒಳಕ್ಕೆ ಬಿಟ್ರೆ ನಿಂತ ಜಾಗದಲ್ಲೇ ನಿಂತ್ಬಿಡ್ತಾರೆ.”

“ಅಯ್ಯೋ ಪಾವಂ! ಸಾಯ್ತಾರಾ?”

“ಇಲ್ಲ, ಮದ್ದು ತೊಳೆದ್ರೆ ಮತ್ತೆ ನಡೀತಾರೆ. ಒಂದು ಸಲ ನಾನೇ ನೋಡಿವ್ನಿ. ಇನ್ನೊಂದು ಸಲ ಗೈಡಿಗೆ ತೋರಿಸ್ಬಿಟ್ರೆ ಸಾಕು, ಓದು ಮುಗಿಯೋವರ್ಗೂ ಅಪ್ಪ ಮದ್ವೆ ಮಾತು ಎತ್ತಲ್ಲ ಅಂದವ್ರೆ.”

ಅವು ಮನುಷ್ಯರಲ್ಲ, ಜೀವಕೋಶದೊಳಗೆ ಹೊರೆ ಸಾಗಿಸುವ ಪ್ರೋಟೀನುಗಳು ಎಂದು ಆಮೇಲೆ ನೀನೇ ಬಿಡಿಸಿ ಹೇಳಿದ್ದೆ. ನನಗೆ ಅರ್ಥವೂ ಆಗಿತ್ತು. ಆದರೆ ಫೋನಿನ ಸುದ್ದಿ ಕೇಳಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ — ಕಾವಡಿ ನಿಲ್ಲಿಸುವ ಮದ್ದನ್ನು ಮನೆಯೊಳಗೆ ಇಟ್ಟುಕೊಂಡು ಗಂಡನನ್ನು ಕಾವಡಿ ಹೊರಿಸಿ ಕಳಿಸಿದ್ದೇನೆ.

ಕೈ ಕೂಡ ತೊಳೆಯಲಿಲ್ಲ. ಫ್ರಿಜ್ಜಿನಿಂದ ಡಬ್ಬಿ ತೆಗೆದು, ಹೊಸ್ತಿಲು ದಾಟಿಸಿ, ಕೊಟ್ಟಿಗೆಯ ತೊಲೆಯ ಮೇಲಿಟ್ಟೆ. ಎಸೆಯಲು ಮನಸ್ಸು ಬರಲಿಲ್ಲ, ನಿನ್ನ ವಸ್ತುವಲ್ಲವೇ.

ಮಧ್ಯಾಹ್ನ ಮತ್ತೆ ಫೋನು. ಎದ್ದರಂತೆ, ನಡೆಯುತ್ತಿದ್ದಾರಂತೆ. ಯಾರೋ ಎಣ್ಣೆ ಹಚ್ಚಿ ಕಾಲು ಒತ್ತಿದರು ಎಂದೂ ಹೇಳಿದರು. ಕೇಳಿಸಿಕೊಂಡೆ. ಆದರೂ — ಮೂರು ಸಲವೋ ನಾಲ್ಕು ಸಲವೋ ಕೊಟ್ಟಿಗೆಯವರೆಗೆ ಹೋಗಿ ತೊಲೆಯತ್ತ ಕೈ ಚಾಚಿದೆ. ಒಳಗಿಟ್ಟರೆ ಅವರು ಮತ್ತೆ ಕೂತುಬಿಟ್ಟರೆ? ಬಿಸಿಲು ಕೊಟ್ಟಿಗೆಯ ತಗಡಿನ ಮೇಲೆ ಬೀಳುತ್ತಿತ್ತು, ನನಗೆ ಕಾಣುತ್ತಲೂ ಇತ್ತು. ಡಬ್ಬಿಯನ್ನು ಮಾತ್ರ ಇಳಿಸಲಿಲ್ಲ.

ಹರಕೆ ತೀರಿಸಿ ಅವರು ಮನೆಗೆ ಬಂದ ಮೇಲೆಯೇ ಡಬ್ಬಿಯನ್ನು ಫ್ರಿಜ್ಜಿನೊಳಗಿಟ್ಟೆ. ಮತ್ತೆ ಹೆಪ್ಪುಗಟ್ಟಿತು. ನೋಡಲು ಮೊದಲಿನಂತೆಯೇ ಇತ್ತು. ನೀನು ಬಂದು ಥರ್ಮಾಸಿಗೆ ಐಸು ತುಂಬಿಕೊಂಡೆ. ಅದೇ ಕೈಯಿಂದ ನಿನಗೆ ಪಳನಿಯ ಪಂಚಾಮೃತ ಕೊಟ್ಟೆ. “ನಂಗೂ ಒಳ್ಳೇದಾಗ್ಲಿ ಅಂತ ಬೇಡ್ಕೊ, ಅಣ್ಣಿ” ಅಂದೆ ನೀನು. ನಾನು ಬೇಡಿಕೊಂಡೆ. ಹೇಳಬೇಕಾದದ್ದನ್ನು ಹೇಳಲಿಲ್ಲ.

ನೀನು ಕಾಲೇಜು ಬಿಟ್ಟು ಪೆಟ್ಟಿಗೆ ಹೊತ್ತು ವಾಪಸು ಬಂದ ದಿನ ಅಡುಗೆಮನೆಯ ಗೋಡೆಗೆ ಒರಗಿ ಕೂತೆ. ಎಷ್ಟು ಮದ್ದು ಬಿಟ್ಟರೂ ಈರುಳ್ಳಿಯೊಳಗೆ ಯಾವುದೂ ನಿಲ್ಲಲಿಲ್ಲವಂತೆ. ಮೊದಲ ಸಲ ನಿನಗೆ ಬೇಕಾದದ್ದನ್ನೇ ನೀನು ಕಂಡಿದ್ದೀಯ ಎಂದರಂತೆ ಗೈಡ್. “ಆಗಿರ್ಬೋದು ಅಣ್ಣಿ. ನನ್ನ ಕಣ್ಣೇ ಸುಳ್ಳು” ಅಂದೆ.

“ರಂಗಿ, ನಾನು —”

“ಏನು, ಅಣ್ಣಿ?”

“ಏನಿಲ್ಲ. ಊಟ ಮಾಡು, ಬಾ.”

ಅಷ್ಟೇ. ಊಟ ಮಾಡು ಎಂದೆ. ಪಡಸಾಲೆಯಲ್ಲಿ ಮಾವ ಆಗಲೇ ಬತ್ತಲಗುಂಡಿನ ಸಂಬಂಧದ ಮಾತು ತೆಗೆದಿದ್ದರು.

ನಿನಗೆ ಒಳ್ಳೆಯ ಗಂಡ ಸಿಕ್ಕ, ಟೊಮೇಟೊ-ಈರುಳ್ಳಿ ಮಂಡಿಯಲ್ಲಿ ಕೈತುಂಬ ವ್ಯಾಪಾರ, ಮುತ್ತಿನಂಥ ಮಗಳು. ಶುಕ್ರವಾರ ದೀಪ ಹಚ್ಚುವಾಗ ಇವನ್ನೆಲ್ಲ ಮುರುಗನ ಮುಂದೆ ಒಂದೊಂದಾಗಿ ಹೇಳಿ ಕೈ ಮುಗಿಯುತ್ತೇನೆ — ಏನೋ ನಾನೇ ನಿನಗೆ ತಂದುಕೊಟ್ಟವಳ ಹಾಗೆ. ಅವನಿಗೆ ನನ್ನ ತಪ್ಪನ್ನೂ ಹೇಳಿದ್ದೇನೆ. ಅದು ಸುಲಭ. ಅವನು ತಿರುಗಿ ಏನೂ ಕೇಳುವುದಿಲ್ಲ.

ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದೆನಲ್ಲ, ಆಗ ನಿನ್ನ ಮಗಳು ಶಾಲೆಗೆಂದು ಈರುಳ್ಳಿ ಸಿಪ್ಪೆಯ ಜೀವಕೋಶಗಳ ಚಿತ್ರ ಬರೆದುಕೊಂಡು ಬಂದಳು. ಸರಿಯಾಗಿದೆಯೇ ನೋಡಮ್ಮಾ ಎಂದಳು. ನೀನು ನಕ್ಕು ಕೈಯಾಡಿಸಿದೆ. “ನನ್ನ ಕೇಳಬ್ಯಾಡ ತಾಯಿ. ನಂಗೆ ಇಲ್ಲದ್ದೆಲ್ಲ ಕಾಣ್ತದೆ. ನಿಮ್ಮಪ್ಪಂಗೆ ತೋರ್ಸು.” ಈರುಳ್ಳಿ ತೂಗಿ ಮಾತ್ರ ಗೊತ್ತಿರುವ ಆ ಮನುಷ್ಯ ಚಿತ್ರವನ್ನು ತಲೆಕೆಳಗಾಗಿ ಹಿಡಿದು ಚೆನ್ನಾಗಿದೆ ಎಂದ. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಸೆರಗು ಬಾಯಿಗೊತ್ತಿಕೊಂಡೇ ಬಂದೆ.

ಕಾಲೇಜು ಹೋಯಿತು, ಅದನ್ನು ತಂದುಕೊಡಲು ನನ್ನಿಂದಾಗದು. ನೀನು ಕಂಡದ್ದು ನಿಜ — ಅದೊಂದನ್ನು ಹೇಳಬಲ್ಲೆ. ಹೆದರಿದ್ದೆ ಎಂದರೆ ಮದ್ದನ್ನು ಹೊರಗಿಟ್ಟದ್ದಕ್ಕೆ ಕಾರಣವಾದೀತು, ಆಮೇಲೆ ಸುಮ್ಮನಿದ್ದದ್ದಕ್ಕೆ ಆಗದು.

ಇವತ್ತು ನೀನು ಊಟಕ್ಕೆ ಬರುತ್ತೀಯ. ಎಲೆ ಹಾಕುವ ಮೊದಲೇ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ, ಎದುರಿಗೇ ನಿಂತಿರುತ್ತೇನೆ. ಓದಿ ಎದ್ದುಹೋದರೆ ತಡೆಯುವುದಿಲ್ಲ.

ಬೇಳೆ ಉಕ್ಕುತ್ತಿದೆ. ಈರುಳ್ಳಿ ಇನ್ನೂ ಅರ್ಧ ಮೊರ ಸುಲಿಯಬೇಕು.