ಹಸಿ ಸೊಪ್ಪಿನ ಕಾಯಿಲೆ

ಕ್ಷಮಿಸುವುದು ದೊಡ್ಡ ಗುಣ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಾಗೆ ಹೇಳುವವರಿಗೆ ಸಾಮಾನ್ಯವಾಗಿ ಯಾರೂ ಏನೂ ಮಾಡಿರುವುದಿಲ್ಲ. ನಮ್ಮವ್ವನಿಗೆ ಮಾಡಿದ್ದರು. ಮಾಡಿದವಳು ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಅದನ್ನು ನಾನು ಹೇಗೆ ತೀರಿಸಿಕೊಂಡೆ ಎಂಬುದನ್ನು ಬರೆಯುತ್ತಿದ್ದೇನೆ.

ನಮ್ಮೂರು ಹಾರನಹಳ್ಳಿಯ ಹತ್ತಿರ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ಆಗಷ್ಟೇ ಸಿಗರೇಟಿನ ಹೊಗೆಸೊಪ್ಪು ಬಂದಿತ್ತು. ಮಳೆಗಾಲದಲ್ಲೇ ಸೊಪ್ಪು ಮುರಿಯುವ ಕಾಲ. ಬೆಳಿಗ್ಗೆ ಎದ್ದು ಹೆಂಗಸರು ಸಾಲಿಗಿಳಿದು, ಗಿಡದ ಬುಡದ ಎಲೆ ಮುರಿದು, ಕಂಕುಳಲ್ಲಿ ಅವುಚಿಕೊಂಡು ಬ್ಯಾರನ್ನಿಗೆ ತರಬೇಕು. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಅದರ ಮುಂದಿನ ಚಪ್ಪರದಲ್ಲಿ ಕುಳಿತು ಎಲೆಯನ್ನು ಕಡ್ಡಿಗೆ ಕಟ್ಟಬೇಕು. ಅಷ್ಟು ಹೊತ್ತಿಗೆ ಸೀರೆ, ರವಿಕೆ ಎಲ್ಲ ಎಲೆಯ ನೀರಿನಲ್ಲಿ ನೆಂದು, ಕೈಗೆ ಕಪ್ಪು ಅಂಟು ಮೆತ್ತಿರುತ್ತಿತ್ತು.

ಅಪ್ಪ ಹಾವು ಕಡಿದು ತೀರಿಕೊಂಡಾಗ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ತಿಥಿಯ ದಿನ ಅವ್ವನ ಬಳೆ ತೆಗೆದರು, ಕುಂಕುಮ ಅಳಿಸಿದರು. ಅಷ್ಟಕ್ಕೇ ಬಿಡಲಿಲ್ಲ ದೊಡ್ಡವ್ವ. ಅವ್ವನ ಸೊಂಟದಲ್ಲಿದ್ದ ಎಲೆಅಡಿಕೆ ಚೀಲವನ್ನೂ ಕಿತ್ತುಕೊಂಡಳು.

"ಮುಂಡೇರು ಬಾಯಿ ಕೆಂಪಗೆ ಮಾಡ್ಕೊಂಡು ತಿರುಗಬಾರ್ದು ಕಣೆ" ಎಂದು, ಅದನ್ನು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು.

ಅಲ್ಲಿಯವರೆಗೆ ಅವ್ವನೂ ನಮ್ಮ ಕೂಡುಮನೆಯ ಎಲ್ಲ ದೊಡ್ಡವರಂತೆ ಎಲೆಅಡಿಕೆಯ ಜೊತೆ ಚಿಟಿಕೆ ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದಳು. ಅಂದಿನಿಂದ ಅವಳ ಬಾಯಿ ಬೆಳ್ಳಗಾಯಿತು.

ಮುಂದಿನ ಮಳೆಗಾಲ ಅವ್ವ ವಾಂತಿ ಮಾಡಿಕೊಳ್ಳತೊಡಗಿದಳು. ಸೊಪ್ಪು ಕಟ್ಟುತ್ತ ಕುಳಿತವಳಿಗೆ ತಲೆ ಸುತ್ತುತ್ತಿತ್ತು. ಸಂಜೆ ಉಂಡದ್ದು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹಿತ್ತಿಲಿಗೆ ಓಡುತ್ತಿದ್ದಳು. ಮಳೆ ಬಿಟ್ಟು ಬಿಸಿಲು ಬಂದ ದಿನಗಳಲ್ಲಿ ಏನೂ ಇರುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಗಮನಿಸುವ ಮನಸ್ಸೂ ಯಾರಿಗೂ ಇರಲಿಲ್ಲ.

ಒಂದು ದಿನ ಚಪ್ಪರದಲ್ಲಿ ಊರ ಹೆಂಗಸರೆಲ್ಲ ಕುಳಿತಿರುವಾಗ ದೊಡ್ಡವ್ವ ಕೇಳಿದಳು: "ಎಷ್ಟು ತಿಂಗ್ಳು ಕಣೆ?"

ಅವ್ವ ನನ್ನನ್ನು ಕರೆದು, ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಆ ಕೈ ಅಂಟಂಟಾಗಿತ್ತು. ಆಣೆಯನ್ನು ಯಾರು ಕೇಳುತ್ತಾರೆ? ಗಂಡ ಸತ್ತು ವರ್ಷವಾದವಳು ಬೆಳಿಗ್ಗೆ ವಾಂತಿ ಮಾಡಿಕೊಂಡರೆ ಊರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಹಿರಿಯರು ಕಟ್ಟೆಯ ಮೇಲೆ ಕುಳಿತು ನ್ಯಾಯ ಮಾಡಿದರು: ನಡತೆಗೆಟ್ಟವಳು ತವರಿಗೆ ಹೋಗಲಿ, ಗಂಡನ ಪಾಲಿನ ಹೊಲ ಅವಳಿಗೆ ಯಾಕೆ? ಕೆರೆ ಏರಿ ಕೆಳಗಿನ ನಮ್ಮ ಹೊಲ ದೊಡ್ಡಪ್ಪನಿಗೆ ಹೋಯಿತು. ನಾವು ಒಂದು ಟ್ರಂಕು ಹೊತ್ತುಕೊಂಡು ಬಸ್ಸು ಹತ್ತಿದೆವು.

ಸೋದರಮಾವನ ಮನೆ ಹೊಸ ಅಗ್ರಹಾರದ ಕಡೆ. ಅಲ್ಲಿ ಬತ್ತದ ಗದ್ದೆ. ಅವ್ವ ದಿನವಿಡೀ ಕೆಸರಿನಲ್ಲಿ ನಿಂತು ನಾಟಿ ಹಾಕಿದರೂ ಒಂದು ದಿನ ವಾಂತಿಯಾಗಲಿಲ್ಲ. ಆ ತಿಂಗಳೇ ಅವಳು ಹೊರಗಾದಳು. ಅತ್ತೆ ಸಂತೋಷದಿಂದ ನಮ್ಮೂರಿಗೆ ಹೇಳಿ ಕಳಿಸಿದರು, ನೋಡಿ, ಏನೂ ಇಲ್ಲ ಎಂದು. ದೊಡ್ಡವ್ವನ ಉತ್ತರ ಅದೇ ಬಸ್ಸಿನಲ್ಲಿ ವಾಪಸು ಬಂತು: "ಕಷಾಯ ಕುಡುದ್ರೆ ಆಯ್ತದೆ ಬುಡು."

ಅಲ್ಲಿಗೆ ಮುಗಿಯಿತು. ಮಗು ಹುಟ್ಟಿದ್ದರೆ ಹಾದರಗಿತ್ತಿ, ಹುಟ್ಟದಿದ್ದರೆ ಬಸುರು ತೆಗೆಸಿಕೊಂಡವಳು. ಊರ ಬಾಯಿಗೆ ಎರಡು ಕಡೆಯೂ ಹಲ್ಲು. ಅವ್ವನನ್ನು ನಂಟರ ಮದುವೆಗಳಿಗೆ ಕರೆಯುವುದು ನಿಂತಿತು. ಕರೆದಲ್ಲಿಗೂ ಅವಳು ಹೋಗಲಿಲ್ಲ. ಅವಳಿಗೆ ವಾಂತಿಯಾಗಿದ್ದು ಯಾಕೆ ಎಂದು ಯಾರಾದರೂ ಹೇಳುವವರೆಗೆ ಆ ಕಳಂಕ ಹೋಗುವಂತಿರಲಿಲ್ಲ. ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ.

ನಾನು ಓದಿ ನರ್ಸಾದೆ. ಹುಣಸೂರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದ ಡಾಕ್ಟರಮ್ಮನಿಗೆ ಓದುವ ಹುಚ್ಚು. ಪರದೇಶದಲ್ಲಿದ್ದ ಅವರ ತಮ್ಮ ವೈದ್ಯಕೀಯ ಪತ್ರಿಕೆಗಳನ್ನು ಕಟ್ಟು ಕಟ್ಟಿ ಕಳಿಸುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಾಗ ಅವರು ಹೊಸದಾಗಿ ಕಂಡುಹಿಡಿದದ್ದನ್ನೆಲ್ಲ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಭೇದಿಯಾಗುವ ಕೂಸಿಗೆ ಉಪ್ಪು ಸಕ್ಕರೆ ನೀರು ಕುಡಿಸಿದರೆ ಸೂಜಿಯಿಲ್ಲದೆ ಬದುಕುತ್ತದಂತೆ. ಸಿಗರೇಟು ಸೇದುವ ತಾಯಂದಿರ ಕೂಸು ತೂಕ ಕಡಿಮೆಯಂತೆ. ನಾವು ಹೂಂ ಎನ್ನುತ್ತ ಉಣ್ಣುತ್ತಿದ್ದೆವು.

ಒಂದು ದಿನ ಅವರು ಪುಟದಿಂದ ತಲೆಯೆತ್ತಿ ನನ್ನನ್ನೇ ಕೇಳಿದರು. "ನೀನು ಹೊಗೆಸೊಪ್ಪಿನ ಕಡೆಯವಳಲ್ವೇನಮ್ಮ? ಸೊಪ್ಪು ಮುರಿಯೋರಿಗೆ ವಾಂತಿ, ತಲೆಸುತ್ತು ಬರೋದು ನೋಡಿದ್ದೀಯಾ?"

ನನ್ನ ಕೈ ತುತ್ತಿನ ಮೇಲೇ ನಿಂತಿತು.

"ಒದ್ದೆ ಎಲೆಯಿಂದ ವಿಷ ಚರ್ಮದೊಳಕ್ಕೆ ಇಳಿಯುತ್ತಂತೆ. ಬಸುರಿಯರಿಗೆ ಆಗೋ ಹಾಗೇ ವಾಂತಿ. ಒಂದೆರಡು ದಿನಕ್ಕೆ ತಾನೇ ಹೋಗುತ್ತೆ, ಮತ್ತೆ ಒದ್ದೆ ಎಲೆ ಮುಟ್ಟಿದರೆ ಮತ್ತೆ ಬರುತ್ತೆ. ಇನ್ನೊಂದು ತಮಾಷೆ ಕೇಳು. ತಂಬಾಕಿನ ಅಭ್ಯಾಸ ಇರೋರಿಗೆ ಅಷ್ಟಾಗಿ ಬರೋದಿಲ್ಲವಂತೆ, ಮೈ ಒಗ್ಗಿರುತ್ತಲ್ಲ."

ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಸಾಲಿಗಿಳಿಯುತ್ತಿದ್ದ ದೊಡ್ಡವ್ವನಿಗೆ ಒಂದು ದಿನವೂ ತಲೆ ಸುತ್ತಿರಲಿಲ್ಲ. ಅಪ್ಪ ಇದ್ದಾಗ ಅವ್ವನಿಗೂ ಸುತ್ತಿರಲಿಲ್ಲ. ಚೀಲ ಕಿತ್ತುಕೊಂಡವಳೂ ಅವಳೇ, ಬಸುರಿ ಎಂದವಳೂ ಅವಳೇ. ನಾನು ಎದ್ದು ಹೋಗಿ ಕೈ ತೊಳೆದೆ. ಅಳು ಬರಲಿಲ್ಲ. ಇಷ್ಟು ವರ್ಷದ ಸಿಟ್ಟಿಗೆ ಒಂದು ಹಿಡಿಕೆ ಸಿಕ್ಕಿತ್ತು.

ಇಂಗ್ಲಿಷ್ ಪತ್ರಿಕೆ ಹಿಡಿದು ಊರಿಗೆ ಹೋಗಿದ್ದರೆ ಅದರಲ್ಲಿ ಬೋಂಡ ಕಟ್ಟುತ್ತಿದ್ದರು. ಹಾಗಾಗಿ ಸುಮ್ಮನಿದ್ದೆ. ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ತಾಳಿದ್ದು ಬಾಳುವುದಕ್ಕಲ್ಲ.

ಮುಂದಿನ ಮಳೆಗಾಲದಲ್ಲಿ ದೊಡ್ಡವ್ವ ತಾನಾಗಿಯೇ ಬಂದಳು. ಹೊರರೋಗಿಗಳ ಸಾಲಿನಲ್ಲಿ ನಿಲ್ಲದೆ ನನ್ನನ್ನು ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ಕರೆದಳು. ಜೊತೆಯಲ್ಲಿ ಅವಳ ಮಗಳು. ಮುಖ ಬಿಳಿಚಿಕೊಂಡಿತ್ತು, ಕೆನ್ನೆಯ ಮೇಲೆ ಹೊಡೆದ ಗುರುತಿತ್ತು.

"ಮಗಾ, ನಿನ್ ಕೈಲಾಯ್ತದೆ. ಯಾರ್ಗೂ ತಿಳೀದಂಗೆ ಕಳುದ್‌ಬುಡು" ಎಂದಳು ದೊಡ್ಡವ್ವ.

"ಏನನ್ನ ಕಳೀಬೇಕು ದೊಡ್ಡವ್ವ?"

"ಬಾಯ್ಬುಟ್ಟು ಯೋಳಬೇಕಾ? ಬೆಳಗಾನೆ ಎದ್ದು ಕಕ್ತಾಳೆ. ತಿಂಗ್ಳೂ ಮುಂದುಕ್ಕೋಗದೆ. ಪಿರಿಯಾಪಟ್ಣದೋರು ಒಪ್ಪವ್ರೆ, ಹುಡ್ಗ ಮೇಷ್ಟ್ರು. ಬರೋ ತಿಂಗ್ಳು ಧಾರೆ ಕಣವ್ವ."

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಅವ್ವ ಎಂದು ಕರೆದದ್ದು ಅದೇ ಮೊದಲು. ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದೆ. ಅವಳ ಉಗುರ ಸಂದಿಯಲ್ಲಿ ಕಪ್ಪು ಅಂಟಿತ್ತು.

"ಸೊಪ್ಪು ಮುರಿಯಕ್ಕೆ ಹೋಗ್ತಿದ್ದೀಯಾ?"

"ಇದೇ ವರ್ಸ ಅಕ್ಕ. ಆಳು ಸಿಕ್ನಿಲ್ಲ ಅಂತ ಅವ್ವನೇ ಕಳಿಸ್ತು."

"ಎಲೆಅಡಿಕೆ ಹಾಕ್ತೀಯಾ?"

"ಮದ್ವೆ ಹುಡ್ಗಿ ಹಲ್ಲು ಕೆಂಪಾಯ್ತದೆ ಅಂತ ಮುಟ್ಟಗೊಡಕಿಲ್ಲ."

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಬಸುರಿಲ್ಲ, ಏನೂ ಇಲ್ಲ; ಮೈ ಸೊರಗಿದ್ದಕ್ಕೆ ತಿಂಗಳು ಮುಂದಕ್ಕೆ ಹೋಗಿತ್ತು, ಅಷ್ಟೇ. ಒದ್ದೆ ಸೊಪ್ಪಿನ ಕಾಯಿಲೆ ಎಂದು ಹುಡುಗಿಗೆ ಅಲ್ಲೇ ಹೇಳಿದೆ. ಅವಳ ಮೇಲೆ ನನಗೆ ಹಗೆಯಿರಲಿಲ್ಲ. ಅವಳು ಮೊದಲು ಅತ್ತಳು, ಆಮೇಲೆ ಅವಳಿಗೂ ಸಿಟ್ಟು ಬಂತು.

"ಯಾರ ತಾವೂ ಹೋಗಿಲ್ಲ ಅಂತ ಬಡ್ಕೊಂಡೆ ಕಣಕ್ಕ. ನಂಬ್ನಿಲ್ಲ. ಚಿಗವ್ವನಂಗೆ ನೀನೂ ಮಾನ ಕಳುದ್ಯಾ ಅಂತ ಹೊಡೀತು."

ಅವಳ ಚಿಗವ್ವ ಎಂದರೆ ನಮ್ಮವ್ವ. "ನಿಮ್ಮವ್ವಂಗೆ ನಾನೇ ಹೇಳ್ತೀನಿ, ಊರಿಗೆ ಬಂದು. ಅಲ್ಲೀವರೆಗೂ ನೀನು ಒದ್ದೆ ಸೊಪ್ಪು ಮುಟ್ಟಬೇಡ" ಎಂದೆ.

ಅವಳು ನನ್ನ ಮುಖ ನೋಡಿದಳು. ಅರ್ಥವಾಯಿತು. "ನಾನೂ ಬಾಯಿ ಬುಡಕಿಲ್ಲ" ಎಂದಳು.

ಹೊರಗೆ ದೊಡ್ಡವ್ವ ಮರದ ಬುಡದಲ್ಲಿ ಕೂತಿದ್ದಳು. "ಪರೀಕ್ಷೆ ಆಯ್ತು. ಏನದೆ ಅಂತ ಊರಿಗೇ ಬಂದು ಹೇಳ್ತೀನಿ, ಬ್ಯಾರನ್ ಚಪ್ಪರದಲ್ಲಿ" ಎಂದೆ.

"ಚಪ್ಪರದಲ್ಲಾ? ಅಲ್ಯಾಕವ್ವ?"

"ನಮ್ಮವ್ವಂದೂ ನೀನು ಅಲ್ಲೇ ಅಲ್ವಾ ಹೇಳಿದ್ದು."

ನಾನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು. ಕೈ ಬಿಡಿಸಿಕೊಂಡು ವಾರ್ಡಿಗೆ ಹೋದೆ. ಆ ವಾರವೆಲ್ಲ ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆ ಮಾಡಿದೆ.

ರಜೆ ಹಾಕಿ ಊರಿಗೆ ಹೋದಾಗ ಜಿಟಿಜಿಟಿ ಮಳೆ. ಚಪ್ಪರದಲ್ಲಿ ಹೆಂಗಸರು ಸೊಪ್ಪು ಕಟ್ಟುತ್ತಿದ್ದರು, ಹೆಚ್ಚುಕಡಿಮೆ ಅಂದಿನವರೇ. ನಾನು ಬರುವುದನ್ನು ದೂರದಿಂದಲೇ ಕಂಡ ದೊಡ್ಡವ್ವ ಕೈಯಲ್ಲಿದ್ದ ಕಡ್ಡಿ ಎಸೆದು ಎದ್ದಳು. ನಾನಿನ್ನೂ ಚಪ್ಪರದೊಳಕ್ಕೆ ಕಾಲಿಟ್ಟಿರಲಿಲ್ಲ, ಬಾಯಿ ತೆಗೆದಿರಲಿಲ್ಲ. ಅವಳು ಬಂದು ನನ್ನ ಕಾಲು ಹಿಡಿದಳು.

"ನನ್ ಮಗೀನ ಹೆಸ್ರು ಎತ್ತಬ್ಯಾಡ ಕಣವ್ವ. ನಿಮ್ಮವ್ವ ಬಸುರಾಗಿರ್ನಿಲ್ಲ. ನಂಗೊತ್ತಿತ್ತು. ಆ ಕೆರೆ ಏರಿ ಹೊಲುಕ್ಕೆ ಆಸೆಬಿದ್ದು ನಾನೇ ಕಟ್ಟಿ ಯೋಳ್ದೆ."

ಹೆಂಗಸರ ಕೈಗಳು ನಿಂತವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ.

"ಹೆಂಗೆ ಗೊತ್ತಿತ್ತು?" ಎಂದು ಕೇಳಿದೆ.

"ಒಂದೇ ಮನೇಲಿ ಇದ್ವಲ್ಲ. ಅವ್ಳು ಹೊಲ ಬುಟ್ರೆ ಒಲೆ. ಎಲ್ಲಿಗೋಗ್ತಿದ್ಲು, ಪಾಪ."

ತಿಳಿಯದೆ ತಪ್ಪು ಮಾಡಿದ ಪೆದ್ದಿಗೆ ಹೊಸ ವಿಷಯ ತಿಳಿಸಿ ನಾಚಿಸುತ್ತೇನೆ ಎಂದುಕೊಂಡು ನಾನು ಬಸ್ಸಿನುದ್ದಕ್ಕೂ ಡಾಕ್ಟರಮ್ಮನ ಮಾತುಗಳನ್ನು ಉರು ಹೊಡೆದುಕೊಂಡು ಬಂದಿದ್ದೆ. ಅವಳು ಪೆದ್ದಿಯಾಗಿರಲಿಲ್ಲ. ಆ 'ಪಾಪ' ಎಂಬ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆಗ ಎಲ್ಲರಿಗೂ ಕೇಳುವಂತೆ ಹೇಳಿದೆ. ನಿನ್ನ ಮಗಳಿಗೆ ಏನೂ ಆಗಿಲ್ಲ, ಅವಳು ಬಂಗಾರದಂಥ ಹುಡುಗಿ, ಇದು ಒದ್ದೆ ಸೊಪ್ಪಿನ ವಿಷ. ನಮ್ಮವ್ವನಿಗೆ ಆಗಿದ್ದೂ ಇದೇ, ಅದೂ ನೀನು ಅವಳ ಎಲೆಅಡಿಕೆ ಬಿಡಿಸಿದ ಮೇಲೆ.

ಕಂಬಕ್ಕೆ ಒರಗಿದ್ದ ಹೆಂಗಸೊಬ್ಬಳು ಮೆಲ್ಲಗೆ ಹೇಳಿದಳು: "ಅಂಗಾರೆ ನಂಗಾಗಿದ್ದೂ ಅದೇ ಕಣೆ. ನಿಮ್ಮವ್ವನ ಗತಿ ಕಂಡು ನಾನು ಯಾರ್ಗೂ ಯೋಳ್ನೇ ಇಲ್ಲ." ಪಕ್ಕದವಳು "ನಂಗೂವೆ" ಎಂದಳು.

ದೊಡ್ಡವ್ವ ನೆಲದ ಮೇಲೇ ಕೂತಿದ್ದಳು. ಮಗಳಿಗೆ ಏನೂ ಆಗಿಲ್ಲ ಎಂಬುದು ಅವಳ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, ತಾನು ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿದ್ದರೂ ಆಗುತ್ತಿತ್ತು ಎಂಬುದು ಹೊಳೆಯಿತು. ಆ ಮುಖವನ್ನು ನಾನು ಕಣ್ತುಂಬ ನೋಡಿದೆ. ಎತ್ತಿ ಕೂರಿಸಲು ಯಾರೂ ಬರಲಿಲ್ಲ. ಮಗಳೂ ಬ್ಯಾರನ್ನಿನ ಬಾಗಿಲಲ್ಲಿ ನಿಂತೇ ಇದ್ದಳು.

ಹೊಲ ವಾಪಸು ಬರಲಿಲ್ಲ. ಹುಡುಗಿಯ ಮದುವೆ ನಡೆಯಿತು. ಅದೆಲ್ಲ ಆಮೇಲಿನ ಮಾತು.

ಅಲ್ಲಿಂದ ನೇರ ಹೊಸ ಅಗ್ರಹಾರಕ್ಕೆ ಹೋದೆ. ಅವ್ವ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ: ಪತ್ರಿಕೆಯಲ್ಲಿ ಬಂದದ್ದು, ದೊಡ್ಡವ್ವ ಹುಣಸೂರಿಗೆ ಬಂದದ್ದು, ಚಪ್ಪರದಲ್ಲಿ ಕಾಲು ಹಿಡಿದದ್ದು. ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಇಲ್ಲವೇ, ಹೋಗಲಿ ಬಿಡು, ದೇವರು ನೋಡಿದ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದಳು.

"ಮಗ್ಳು ಬಸುರಿ ಅಂತ ಅವ್ಳು ಎಷ್ಟು ದಿನ ಅನ್ಕೊಂಡಿದ್ಲು?"

"ಒಂದು ವಾರ ಅವ್ವ."

"ಅಷ್ಟೇಯಾ?" ಎಂದಳು ಅವ್ವ. "ಸೊಪ್ಪಿನ ಕಾಲ ಮುಗಿಯೋಗಂಟ ಬುಡಬಾರ್ದಾಗಿತ್ತಾ?"

ಅವ್ವ ಹೇಳಿದ್ದು ಸರಿ. ನಾನು ದುಡುಕಿದ್ದೆ.