ನೀಲಿ ಸ್ವೆಟರಿನ ಮೂರು ಗುರುತು

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಹಳೆ ಟೈರುಗಳ ಗೋದಾಮಿಗೆ ಒತ್ತಿಕೊಂಡು, ಕಳೆದುಹೋದ ಸಾಮಾನುಗಳ ಕೋಣೆ. ಅಲ್ಲಿನ ಗುಮಾಸ್ತರಿಗೆ ಕಂಡಕ್ಟರುಗಳು ಇಟ್ಟ ಹೆಸರು ‘ಮೂರು ಗುರುತು’. ಬಸ್ಸಿನಲ್ಲಿ ಬಿಟ್ಟ ವಸ್ತು ವಾಪಸು ಬೇಕಾದರೆ ಅದನ್ನು ನೋಡದೆ ಮೂರು ಗುರುತು ಹೇಳಬೇಕು. ಬಣ್ಣ ಗುರುತಲ್ಲ. ‘ಕರಿ ಕೊಡೆ’ ಎಂದಷ್ಟೇ ಹೇಳಿದವರು ಇಪ್ಪತ್ತಾರು ವರ್ಷಗಳಿಂದ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗುತ್ತಿದ್ದರು. ಗುರುತು ಸಿಗದ ಸಾಮಾನೆಲ್ಲ ತಿಂಗಳ ಕೊನೆಯ ಶನಿವಾರ ಹರಾಜಿಗೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಒಂದೇ ಕೊಡೆಯನ್ನು ಏಳು ಸಲ ಕಳೆದು ಏಳು ಸಲವೂ ಬಿಡಿಸಿಕೊಂಡು ಹೋಗಿದ್ದರು. ಹೀಗೆ ಕಳೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಅಮಿಷನ್’ ಎಂಬ ಹಳೆಯ ಪದವಿದೆ, ಈಗ ಯಾರೂ ಬಳಸುವುದಿಲ್ಲ ಎಂದು ಹೇಳಿಕೊಟ್ಟವರು ಅವರೇ. ಕಳೆದುಕೊಳ್ಳುವುದರ ಪದವನ್ನೇ ಕಳೆದುಕೊಂಡ ಜನರ ಮೇಲೆ ಗುಮಾಸ್ತರಿಗೆ ಗೌರವ ಉಳಿಯಲಿಲ್ಲ. ಆದರೂ ಪದವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟರು, ಯಾರಾದರೂ ಕೇಳಿಕೊಂಡು ಬಂದರೆ ಇರಲಿ ಎಂದು.

ತಾವು ಮಾತ್ರ ಏನನ್ನೂ ಕಳೆದವರಲ್ಲ. ಹೆಂಡತಿ ಕನ್ನಡಕ ಹುಡುಕುತ್ತಿದ್ದರೆ, ತಲೆಯಾದರೂ ಕತ್ತಿನ ಮೇಲಿದೆಯೇ ನೋಡಿಕೋ ಎನ್ನುತ್ತಿದ್ದರು.

ಹರಾಜಿಗೆ ಎರಡು ದಿನವಿರುವಾಗ ಕಂಡಕ್ಟರೊಬ್ಬ ಒಂದು ಸ್ವೆಟರ್ ತಂದುಕೊಟ್ಟ. ಅದು ಗುಮಾಸ್ತರದೇ. ಹಿಂದಿನ ಸಂಜೆ ಸೆಕೆಯೆಂದು ಬಿಚ್ಚಿ ಸೀಟಿನ ಮೇಲಿಟ್ಟು ಇಳಿದಿದ್ದರು. ಹೆಂಡತಿಯೇ ಹೆಣೆದದ್ದು, ಒಂಬತ್ತು ಚಳಿಗಾಲ ತೊಟ್ಟದ್ದು. ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಆಫೀಸಿನಲ್ಲಿದೆ ಎಂದಿದ್ದರು. ಈಗ ಅದು ಸುಳ್ಳೂ ಅಲ್ಲ.

ಪಾಪ ಯಾರದೋ ಏನೋ ಎಂದ ಕಂಡಕ್ಟರ್. ಗುಮಾಸ್ತರು ಮಡಿಕೆಯನ್ನೂ ಬಿಚ್ಚದೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅವನು ಹೋದ ಮೇಲೆ ಮೆಲ್ಲಗೆ ಚೀಲಕ್ಕೆ ಸೇರಿಸಬಹುದಿತ್ತು. ಆದರೆ ನಿಯಮ ಎಂದರೆ ನಿಯಮ. ಕುರ್ಚಿಯಲ್ಲಿ ಕೂತು ತಮ್ಮನ್ನು ತಾವೇ ಗುರುತು ಕೇಳಿಕೊಂಡರು. ನೀಲಿ. ಆಮೇಲೆ? ನೀಲಿಯೇ. ಒಂಬತ್ತು ವರ್ಷ ಮೈಮೇಲಿದ್ದುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಹೆಂಡತಿಯೆದುರು ತಪ್ಪೊಪ್ಪಿಕೊಂಡರು. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಲೋಟ ತೊಳೆಯಲು ಎದ್ದುಹೋದಳು.

ಹನ್ನೊಂದು ಗಂಟೆಗೆ ನೋಡಿದರೆ ಆಫೀಸಿನ ಕಿಟಕಿಯ ಮುಂದೆ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಾಳೆ. ಸರದಿ ಬಂದಾಗ ಗುಮಾಸ್ತರ ಬಾಯಿಂದ ಅಭ್ಯಾಸಬಲದಿಂದ, ಮದುವೆಯಾದ ಮೇಲೆ ಮೊದಲ ಸಲ, ಅವಳಿಗೆ ಬಹುವಚನ ಹೊರಟಿತು.

“ಗುರುತು ಹೇಳಿ.”

“ಎಡಗೈ ತೋಳು ಒಂದು ಬೆರಳು ಉದ್ದ. ಅವರ ಎಡಗೈ ಇರೋದೇ ಹಾಗೆ.”

“ಎರಡನೇದು?”

“ಎದೆ ಹತ್ರ ಎರಡೆಳೆ ಹಾಕಿ ಹೆಣೆದಿದೀನಿ. ಆ ವರ್ಷ ಅವರಿಗೆ ಕೆಮ್ಮು ಬಿಟ್ಟೇ ಇರಲಿಲ್ಲ.” ಮೂರನೆಯದಕ್ಕೆ ತನ್ನ ಕತ್ತಿನ ಹಿಂದೆ ಕೈಯಿಟ್ಟು ತೋರಿಸಿದಳು. “ಕತ್ತಿನ ಹಿಂದೆ ಒಂದು ಸಾಲು ಕಪ್ಪು ಉಣ್ಣೆ. ನಮ್ಮತ್ತೆ ತೀರಿಕೊಂಡ ವಾರ ಅದು. ನೀಲಿ ಮುಗಿದಿತ್ತು, ಅಂಗಡಿಗೆ ಹೋಗೋಕೆ ಮನಸ್ಸಾಗಲಿಲ್ಲ.”

ಗುಮಾಸ್ತರು ಸ್ವೆಟರ್ ತಂದು ಬಿಡಿಸಿದರು. ಮೂರೂ ಇದ್ದವು. ಅಮ್ಮ ಹೋದ ವಾರವನ್ನು ಒಂಬತ್ತು ವರ್ಷ ಕತ್ತಿನ ಮೇಲೆ ಹೊತ್ತು ತಿರುಗಿದ್ದು ಈಗ ತಿಳಿಯಿತು. ವಾರಸುದಾರರ ಕಾಲಮಿನಲ್ಲಿ ಹೆಂಡತಿಯ ಹೆಸರು ಬರೆದರು. ಇದು ತನ್ನದಲ್ಲ ಎಂದಳು ಅವಳು. ಗುರುತು ಹೇಳಿದವರದ್ದೇ ಸಾಮಾನು ಎಂದರು ಇವರು. ಅವಳು ಕನ್ನಡಕ ಹಾಕಿಕೊಂಡು ಸಹಿ ಮಾಡಿ, ಸ್ವೆಟರನ್ನು ಇವರ ಕೈಗೇ ಕೊಟ್ಟು ಹೊರಟಳು.

ಕನ್ನಡಕ ಮಾತ್ರ ಕಿಟಕಿಯ ಕಟ್ಟೆಯ ಮೇಲೆಯೇ ಉಳಿಯಿತು. ಗುಮಾಸ್ತರು ಕೈಗೆತ್ತಿಕೊಂಡರು. ಎಡಗಾಜಿನಲ್ಲಿ ಗೀರು. ಬಲಗಡೆಯ ಕಡ್ಡಿ ಮುರಿದು, ನೀಲಿ ಉಣ್ಣೆಯಲ್ಲಿ ಬಿಗಿದು ಕಟ್ಟಿತ್ತು. ಎಷ್ಟು ವರ್ಷಗಳಿಂದ ಹಾಗಿತ್ತೋ!

ಸಾಲಿನಲ್ಲಿ ಇನ್ನೂ ಜನರಿರುವಾಗಲೇ ಕಿಟಕಿ ಮುಚ್ಚಿ ಓಡಿದರು. ಅವಳು ಹತ್ತಿದ್ದ ಬಸ್ಸು ಹೊರಡುವುದರಲ್ಲಿತ್ತು.

“ಗುರುತು ಕೇಳಲ್ವಾ?” ಎಂದಳು ಅವಳು ಬಸ್ಸಿನ ಕಿಟಕಿಯಿಂದ ಕೈ ಚಾಚಿ.

“ನೋಡಿದೆ,” ಎಂದರು.