ಶನಿಯಾರನ ಕೈಗೆ ಹೊಡೆಯದ ಕರೆಂಟು

ಹೆಬಳೆಯಲ್ಲಿ ನನ್ನ ಮನೆಗೂ ಶನಿಯಾರನ ಮನೆಗೂ ನಡುವೆ ಒಂದೇ ಬೇಲಿ. ನನ್ನ ಗಂಡ ಪಂಪು ರಿಪೇರಿ ಮಾಡುವವರು. ಅವರು ತೀರಿಕೊಂಡ ಮೇಲೆ ನಟ್ಟು ಬಿಚ್ಚುವ ಪಾನ, ಸ್ಕ್ರೂಡ್ರೈವರ್ ಎಲ್ಲ ಡಬ್ಬದಲ್ಲೇ ಉಳಿದವು. ಶನಿಯಾರ ಕೇಳಿ ಒಯ್ಯುವನು, ಒರೆಸಿ ತಂದು ಕೊಡುವನು.

ಅವನು ಮಂಕಿಯಲ್ಲಿ ಕಡಲ ಬದಿಯ ಒಂದು ರೆಸಾರ್ಟಿನಲ್ಲಿ ಹುಲ್ಲು ಕತ್ತರಿಸುವವ. ಪೆಟ್ರೋಲ್ ಹಾಕಿ, ಹಗ್ಗ ಎಳೆದು, ತಳ್ಳಿಕೊಂಡು ಹೋಗುವ ಮೆಷಿನ್ನು. ಹಿಡಿಕೆ ಗಡಗಡ ನಡುಗುತ್ತದೆ. ಪ್ರಾಯದಿಂದ ಅದನ್ನೇ ಹಿಡಿದವನು. ಕಡಲ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಆಗ ತಾನೇ ಬಿಚ್ಚುವನು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಕರೆಂಟು ಬಂತೋ ಇಲ್ಲವೋ ಎಂದು ನೋಡಲಿಕ್ಕೆ ಪ್ಲಗ್ಗಿನ ವಯರಿನ ತುದಿಯನ್ನು ಬೆರಳಲ್ಲಿ ಹಿಡಿದು, ಹೆಂಡತಿ ಬಂಗಾರಿ ಹತ್ತಿರ ಹಗ್ಗ ಎಳೆಸುವನು. ಕೈ ಜುಂ ಅಂದರೆ ಸರಿ.

ಈ ಸಲ ಮಳೆ ಬಿಟ್ಟ ಮೇಲೆ ಮೆಷಿನ್ ಚಾಲೂ ಆಗಲಿಲ್ಲ. ಮ್ಯಾನೇಜರ್ ದಿವಾಕರ ಹೇಳಿದನಂತೆ, "ನಾಳೆ ಇದು ಓಡದಿದ್ರೆ ಹೊನ್ನಾವರದವರನ್ನ ಕರೀತೆ. ನೀ ಬರೂದು ಬ್ಯಾಡ."

ಶನಿಯಾರ ಅದನ್ನು ಸಂಜೆ ಆಟೋದಲ್ಲಿ ಮನೆಗೆ ತಂದ. ಎಂಜಿನ್ನಿನ ಮೇಲೆ ತಿರುಗುವ ಗಾಲಿ ಬಿಚ್ಚಿ, ಅದರ ಅಯಸ್ಕಾಂತದ ತುಕ್ಕನ್ನು ಮರಳು ಕಾಗದದಿಂದ ತಿಕ್ಕಿದ. ಕರೆಂಟು ಹುಟ್ಟಿಸುವ ಕಾಯಿಲಿಗೂ ಗಾಲಿಗೂ ನಡುವೆ ಮದುವೆ ಕಾಗದದ ದಪ್ಪದಷ್ಟು ಸಂದು ಇಟ್ಟು ಬಿಗಿದ. ವಯರು ಹಿಡಿದ. ಬಂಗಾರಿ ಎಳೆದಳು.

"ಇಲ್ಲ," ಅಂದ.

ಮತ್ತೆ ಬಿಚ್ಚಿದ, ಮತ್ತೆ ತಿಕ್ಕಿದ, ಮತ್ತೆ ಬಿಗಿದ. ಬಂಗಾರಿಯ ರಟ್ಟೆ ಸೋತಿತು.

"ನಾ ಗಂಜಿ ಉಂಡದ್ದೆಲ್ಲ ಈ ಹಗ್ಗಕ್ಕೇ ಆತು," ಅಂದಳು.

"ನೀ ಎಳೂದು ಕಂಡ್ರೆ ದನವೂ ನಗ್ತದೆ. ತಡಿ, ನಾನೇ ಎಳೀತೆ. ಅಕ್ಕಾ, ಆ ವಯರು ಸ್ವಲ್ಪ ಬದಿಗೆ ಹಿಡಿ."

ಪಾನ ಕೊಡಲು ಹೋಗಿ ಅಲ್ಲೇ ನಿಂತಿದ್ದ ನಾನು ಹಿಡಿದೆ. ಅವನು ಎಳೆದ. ಮೊಣಕೈವರೆಗೆ ಹೊಡೆಯಿತು. ನಾನು ಕೂಗಿ, ಅಂಗಳದಲ್ಲೇ ಕೂತುಬಿಟ್ಟೆ.

ಶನಿಯಾರ ನಕ್ಕ. "ಮುದುಕಿಗೆ ಜೀವ ಬಂತು, ಕಾಣು!" ಅಂದ. ಅಂದವನೇ ನಗು ನಿಲ್ಲಿಸಿದ. ಬಂಗಾರಿಯ ಕೈಗೆ ಹಗ್ಗ ಕೊಟ್ಟು, ಬಲಗೈಯಲ್ಲಿ ವಯರು ಹಿಡಿದ. ಅವಳು ಎಳೆದಳು. ಎಡಗೈಯಲ್ಲಿ ಹಿಡಿದ. ಅವಳು ಎಳೆದಳು. ಯಾವ ಕೈಯೂ ಜುಂ ಅನ್ನಲಿಲ್ಲ. ಅವನು ಬೆರಳುಗಳನ್ನೇ ನೋಡುತ್ತಾ ಕೂತ. ಜಡ್ಡು ಕಟ್ಟಿ ಒಣಗಿದ ಬೆರಳು.

"ಯಾವಾಗಿಂದ?" ಬಂಗಾರಿ ಕೇಳಿದಳು.

"ಬೇಸಿಗೆಯಿಂದ ಜೋಮು ಹಿಡಿದ ಹಾಗೆ ಇತ್ತು. ಇಷ್ಟು ಅಂತ ಗೊತ್ತಿರಲಿಲ್ಲ."

ಕರೆಂಟು ಮೊದಲ ಸಲ ತಿಕ್ಕಿದಾಗಲೇ ಬಂದಿತ್ತು. ಎಳೆದೂ ಎಳೆದೂ ಪ್ಲಗ್ಗು ಪೆಟ್ರೋಲಲ್ಲಿ ನೆನೆದಿತ್ತು. ಒರೆಸಿ ಒಣಗಿಸಿ ಹಾಕಿದ. ಮೆಷಿನ್ ಚಾಲೂ ಆಯಿತು. ಯಾರೂ ಖುಷಿ ಪಡಲಿಲ್ಲ.

ಬೆಳಿಗ್ಗೆ ಆಟೋ ಬಂತು. ಬಂಗಾರಿ ಬಾಗಿಲಲ್ಲಿ ನಿಂತಳು. "ಹೋಗಬ್ಯಾಡ. ಬ್ಲೇಡಿಗೆ ಕೈ ಹೋದ್ರೂ ನಿಂಗೆ ತಿಳೂದಿಲ್ಲ."

"ಹೋಗದಿದ್ರೆ ಉಂಬೂಕೆ ಎಂತ ಇತ್ತು?"

ಅವಳು ಅವನ ಕೈ ಎಳೆದು ಬೆಳಕಿಗೆ ಹಿಡಿದಳು. ತೋರುಬೆರಳ ಬದಿಯಲ್ಲಿ ಚರ್ಮ ಬೆಳ್ಳಗೆ ಬೆಂದು ಎದ್ದಿತ್ತು. ರಾತ್ರಿ ಬಿಸಿ ಸೈಲೆನ್ಸರಿಗೆ ತಾಗಿದ್ದಿರಬೇಕು. ಅವನೂ ಆಗಲೇ ನೋಡಿದ್ದು.

ಬಂಗಾರಿ ಹಳೆ ಸೀರೆಯ ಚೂರು ಹರಿದು ಕಟ್ಟಿದಳು.

"ಬಿಗಿ ಆತಾ?" ಕೇಳಿದಳು.

ಶನಿಯಾರ ಬಟ್ಟೆಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ.

"ಸರಿ ಇತ್ತು," ಅಂದ.